ಒಣಗಣ್ಣಿಗೆ ಸಿಕ್ಕ ಡ್ರಾಪ್ಸ್ ಹಾಕಬೇಡಿ

ಮಾನ್ಯ ಸಂಪಾದಕರೇ,

ಕಣ್ಣಲ್ಲಿ ಮರಳು ಬಿದ್ದ ಹಾಗಿದೆ, ಉರಿ ಅಂದರೆ ಸಾಕು, ‘ಮೊಬೈಲ್ ಜಾಸ್ತಿ ನೋಡ್ತೀಯ’ ಎಂದು ಬೈದು ಸುಮ್ಮನಾಗುತ್ತಾರೆ. ಪರದೆ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆ ಆಗುತ್ತದೆ, ಅದು ನಿಜ. ಆದರೆ ಅದೊಂದೇ ಕಾರಣ ಅಲ್ಲ. ಕಣ್ಣೀರಿನ ಮೇಲೆ ತೆಳುವಾದ ಎಣ್ಣೆ ಪದರ ಇರುತ್ತದೆ, ರೆಪ್ಪೆಯ ಅಂಚಿನ ಸಣ್ಣ ಗ್ರಂಥಿಗಳು ಕಟ್ಟಿಕೊಂಡು ಆ ಎಣ್ಣೆ ಸರಿಯಾಗಿ ಬರದಿದ್ದರೆ ಕಣ್ಣೀರು ಬೇಗ ಆರಿಹೋಗುತ್ತದೆ. ಆಗ ಉರಿ ತಾಳಲಾರದೆ ಕಣ್ಣು ನೀರು ಸುರಿಸುವುದೂ ಉಂಟು, ಹಾಗಾಗಿ ಇದು ಒಣಗಣ್ಣು ಅಂತ ಎಷ್ಟೋ ಜನರಿಗೆ ಹೊಳೆಯುವುದೇ ಇಲ್ಲ. ಮುಟ್ಟು ನಿಲ್ಲುವ ವಯಸ್ಸು, ಅಲರ್ಜಿ ಮಾತ್ರೆ, ಕಾಂಟ್ಯಾಕ್ಟ್ ಲೆನ್ಸ್, ಕೆಲವು ಸಂಧಿವಾತಗಳೂ ಕಾರಣ ಆಗಬಹುದು.

ನನಗೆ ನಿಜಕ್ಕೂ ಭಯ ಆಗುವುದು ಜನ ತಾವೇ ಡ್ರಾಪ್ಸ್ ಕೊಂಡು ಹಾಕಿಕೊಳ್ಳುವುದನ್ನು ನೋಡಿದಾಗ. ಸ್ಟೆರಾಯ್ಡ್ ಡ್ರಾಪ್ಸ್ ಅನ್ನು ವೈದ್ಯರ ನಿಗಾ ಇಲ್ಲದೆ ತುಂಬಾ ದಿನ ಹಾಕಿದರೆ ಕಣ್ಣಿನ ಒತ್ತಡ ಏರಬಹುದು, ಪೊರೆಯೂ ಬರಬಹುದು. ಕೃತಕ ಕಣ್ಣೀರನ್ನೂ (ಕಣ್ಣನ್ನು ತೇವವಾಗಿಡುವ ಡ್ರಾಪ್ಸ್) ದಿನಕ್ಕೆ 4 ಸಲಕ್ಕಿಂತ ಜಾಸ್ತಿ ಹಾಕಬೇಕಾದರೆ ಪ್ರಿಸರ್ವೇಟಿವ್ (ಕೆಡದಂತೆ ಸೇರಿಸುವ ರಾಸಾಯನಿಕ) ಇಲ್ಲದ್ದೇ ಒಳ್ಳೆಯದು. ಗ್ರಂಥಿ ಕಟ್ಟಿಕೊಂಡವರಿಗೆ ಬೆಚ್ಚಗಿನ ಬಟ್ಟೆಯ ಶಾಖ ಹಿತ. ಇದಕ್ಕೂ ಬಗ್ಗದಿದ್ದರೆ ಕಣ್ಣಿನ ಉರಿಯೂತ ತಗ್ಗಿಸಲು ವೈದ್ಯರು ಬರೆದುಕೊಡುವ ಸೈಕ್ಲೋಸ್ಪೊರಿನ್ ಡ್ರಾಪ್ಸ್ ಇದೆ, ಕಣ್ಣೀರು ಹರಿದುಹೋಗುವ ರಂಧ್ರಕ್ಕೆ ಪುಟ್ಟ ಪ್ಲಗ್ ಹಾಕುವ ದಾರಿಯೂ ಇದೆ. ನೋವು ಜೋರಾದರೆ, ದೃಷ್ಟಿ ಮಂಜಾದರೆ ಅಂದೇ ಕಣ್ಣಿನ ವೈದ್ಯರ ಹತ್ತಿರ ಹೋಗಿ.

– ಒಬ್ಬ ಓದುಗ