ಮಳೆ ಹಿಡಿಯುವ ಮೊದಲು ಬೆಕ್ಕುಮರಿಗಳಿಗೊಂದು ಬೇರೆ ಕೋಣೆ ಬೇಕು: ಶಿವಮೊಗ್ಗದಿಂದ ದೇಣಿಗೆ ಮನವಿ

ಮಲೆನಾಡಿನ ಬಂಧುಗಳಿಗೆ, ಊರು ಬಿಟ್ಟು ದೂರದಲ್ಲಿದ್ದರೂ ಮನೆಯ ಬೆಕ್ಕನ್ನು ಮರೆಯದ ಎಲ್ಲರಿಗೂ ನಮಸ್ಕಾರ.

ಶಿವಮೊಗ್ಗದ ಅಂಚಿನಲ್ಲಿ ನಮ್ಮ ಟ್ರಸ್ಟ್ ಗಾಯಗೊಂಡ, ಕಾಯಿಲೆ ಬಿದ್ದ, ಯಾರೋ ಬಿಟ್ಟುಹೋದ ಬೆಕ್ಕುಗಳನ್ನು ನೋಡಿಕೊಳ್ಳುತ್ತಿದೆ. ಈ ಸಲ ಎರಡು ಕೆಲಸಕ್ಕಾಗಿ ನಿಮ್ಮ ಮುಂದೆ ಕೈಯೊಡ್ಡುತ್ತಿದ್ದೇವೆ. ಹೊಸದಾಗಿ ಬಂದ ಬೆಕ್ಕುಗಳನ್ನು ಹಳೆಯವುಗಳಿಂದ ದೂರ ಇಡಲು ಒಂದು ಪ್ರತ್ಯೇಕ ಕೋಣೆ ಕಟ್ಟಿಸಬೇಕು. ಅದಕ್ಕೆ ನಾವು ಹಾಕಿಸಿರುವ ಅಂದಾಜು ₹4,80,000. ಇನ್ನೊಂದು, ಪೇಟೆ ಮತ್ತು ಹಳ್ಳಿಗಳ ಬೆಕ್ಕುಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ಲಸಿಕೆ. ಒಂದು ಹೆಣ್ಣು ಬೆಕ್ಕಿನ ಆಪರೇಷನ್, ಔಷಧ, ಚೇತರಿಸಿಕೊಳ್ಳುವವರೆಗಿನ ಆರೈಕೆ ಸೇರಿ ₹2,500 ಹಿಡಿದಿದ್ದೇವೆ. ಇನ್ನಷ್ಟು ಬೆಕ್ಕುಗಳನ್ನು ತಂದು ತುಂಬಿಕೊಳ್ಳುವುದಕ್ಕಲ್ಲ ಈ ಹಣ. ಗೇಟಿನ ಮುಂದೆ ರಟ್ಟಿನ ಪೆಟ್ಟಿಗೆಗಳು ಬಂದು ಕೂರುವುದು ಕಡಿಮೆಯಾಗಬೇಕು, ಬಂದ ಮರಿಗಳು ಬದುಕಿಕೊಳ್ಳಬೇಕು.

ಕೋಣೆ ಯಾಕೆ ಅಷ್ಟು ಮುಖ್ಯ ಎನ್ನುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬೆಕ್ಕುಮರಿಗಳನ್ನು ಸಾಲುಸಾಲಾಗಿ ಕೊಲ್ಲುವ ಕಾಯಿಲೆ ಪ್ಯಾನ್‌ಲ್ಯುಕೋಪೀನಿಯಾ. ನಾಯಿಮರಿಗಳಿಗೆ ಬರುವ ಪಾರ್ವೋಗೆ ಹತ್ತಿರದ ವೈರಸ್ಸೇ ಇದಕ್ಕೂ ಕಾರಣ. ನಿನ್ನೆ ಆಡುತ್ತಿದ್ದ ಮರಿ ಇವತ್ತು ಮೂಲೆ ಹಿಡಿದು ಕೂರುತ್ತದೆ, ವಾಂತಿ ಮಾಡಿಕೊಳ್ಳುತ್ತದೆ, ನೀರಿನ ಬಟ್ಟಲಿನ ಮೇಲೆ ತಲೆ ಬಗ್ಗಿಸಿ ನಿಂತರೂ ಕುಡಿಯಲಾಗುವುದಿಲ್ಲ. ವೈರಸ್ ಕರುಳಿನ ಒಳಪದರವನ್ನೂ ಮೂಳೆಮಜ್ಜೆಯನ್ನೂ ಒಟ್ಟಿಗೆ ಹಾಳುಮಾಡುವುದರಿಂದ ರಕ್ತದ ಬಿಳಿ ಕಣಗಳು ಕುಸಿದು ಹೋಗುತ್ತವೆ. ಚಿಕಿತ್ಸೆ ಸಿಗದ ಮರಿಗಳಲ್ಲಿ ಹೆಚ್ಚಿನವು ಉಳಿಯುವುದಿಲ್ಲ. ಈ ವೈರಸ್ಸನ್ನೇ ಕೊಲ್ಲುವ ಔಷಧವಿಲ್ಲ. ಡ್ರಿಪ್ ಹಾಕಿ, ವಾಂತಿ ನಿಲ್ಲಿಸಿ, ಬೇರೆ ಸೋಂಕು ತಗುಲದಂತೆ ಆಂಟಿಬಯಾಟಿಕ್ ಕೊಟ್ಟು, ಮೈ ಬೆಚ್ಚಗಿಟ್ಟು, ಮರಿಯ ಶಕ್ತಿಯೇ ಗೆಲ್ಲಲಿ ಎಂದು ಹಗಲಿರುಳು ಕಾಯಬೇಕು.

ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಿಸಿಕೊಳ್ಳಲು ಕೆಲವು ದಿನ ಹಿಡಿಯುತ್ತದೆ. ಅಷ್ಟರಲ್ಲಿ ಆ ಮರಿ ಹತ್ತು ಮರಿಗಳ ಜೊತೆ ಒಂದೇ ತಟ್ಟೆಯಲ್ಲಿ ಉಂಡಿರುತ್ತದೆ. ಆದ್ದರಿಂದಲೇ ಹೊಸ ಬೆಕ್ಕನ್ನು 14 ದಿನ ಬೇರೆ ಇಡಬೇಕು. ಈಗ ನಾವು ಒಂದೇ ಹಾಲ್‌ನಲ್ಲಿ ಟಾರ್ಪಾಲಿನ ಪರದೆ ಕಟ್ಟಿ ನಿಭಾಯಿಸುತ್ತಿದ್ದೇವೆ. ಪರದೆ ವೈರಸ್ಸನ್ನು ತಡೆಯುವುದಿಲ್ಲ. ಅದು ಚಪ್ಪಲಿಯಲ್ಲಿ, ಬಟ್ಟೆಯಲ್ಲಿ, ಪೊರಕೆಯಲ್ಲಿ ದಾಟುತ್ತದೆ, ಅನುಕೂಲ ಸಿಕ್ಕಿದ ಕಡೆ ಒಂದು ವರ್ಷದವರೆಗೂ ಉಳಿಯಬಲ್ಲದು. ನಮ್ಮೂರ ಮನೆಗಳಲ್ಲಿ ನೆಲ ಒರೆಸುವ ಫಿನೈಲಿಗೆ ಇದು ಬಗ್ಗುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯವೆಂದರೆ ಫಿನೈಲ್ ಬೆಕ್ಕಿಗೇ ವಿಷ. ಫಿನಾಲ್ ಜಾತಿಯ ರಾಸಾಯನಿಕಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಅದರ ಪಿತ್ತಜನಕಾಂಗಕ್ಕೆ ತೀರ ಕಡಿಮೆ, ಒರೆಸಿದ ನೆಲದ ಮೇಲೆ ನಡೆದು ಪಾದ ನೆಕ್ಕಿದರೂ ಕೆಡುಕು. ವೈರಸ್ ಹೋಗಲು ಸೋಡಿಯಂ ಹೈಪೋಕ್ಲೋರೈಟ್ (ಬ್ಲೀಚ್) ದ್ರಾವಣ ಹಾಕಿ, ಹತ್ತು ನಿಮಿಷ ನೆನೆಯಲು ಬಿಟ್ಟು, ಚೆನ್ನಾಗಿ ತೊಳೆದು ಒಣಗಿಸಬೇಕು. ಮಣ್ಣಿನ ನೆಲ, ಮರದ ಹಲಗೆಗಳ ಮೇಲೆ ಅದು ಸಾಧ್ಯವಿಲ್ಲ. ಕೋಣೆಗೆ ಗೋಡೆಯ ಅರ್ಧದವರೆಗೂ ಟೈಲ್ಸ್, ಪ್ರತ್ಯೇಕ ನೀರಿನ ಹರಿವು, ಒಂದರ ಹಿಂದೆ ಒಂದು ಎರಡು ಬಾಗಿಲು, ಸ್ಟೀಲ್ ಗೂಡುಗಳು, ಮಳೆಗಾಲಕ್ಕೆ ಬೆಚ್ಚನೆಯ ದೀಪ, ಕರೆಂಟು ಹೋದರೆ ಇನ್ವರ್ಟರ್ ಬೇಕೆಂದು ಅಂದಾಜಿನಲ್ಲಿ ಸೇರಿಸಿರುವುದು ಇದಕ್ಕೇ. ಮಳೆಗಾಲದಲ್ಲಿ ಇಲ್ಲಿ ಕರೆಂಟು ದಿನಗಟ್ಟಲೆ ಬಾರದಿರುವುದು ನಿಮಗೆಲ್ಲ ಗೊತ್ತಿದ್ದದ್ದೇ.

ಲಸಿಕೆ ಇದೆಯಲ್ಲ ಎಂದು ಕೇಳಬಹುದು. ಇದೆ, ತುಂಬ ಚೆನ್ನಾಗಿ ಕೆಲಸವನ್ನೂ ಮಾಡುತ್ತದೆ. ಆರರಿಂದ ಎಂಟು ವಾರದ ವಯಸ್ಸಿನಲ್ಲಿ ಮೊದಲ ಡೋಸ್, ಮೂರು-ನಾಲ್ಕು ವಾರಕ್ಕೊಮ್ಮೆ ಮುಂದಿನವು, 16 ವಾರ ತುಂಬುವವರೆಗೆ ಕೊಡಬೇಕು. ಮೂರು ತಿಂಗಳಾದ ಮೇಲೆ ರೇಬೀಸ್ ಲಸಿಕೆ. ಆದರೆ ನಮ್ಮ ಗೇಟಿಗೆ ಬರುವ ಮರಿಗಳಲ್ಲಿ ಹೆಚ್ಚಿನವಕ್ಕೆ ಕಣ್ಣು ಬಿಟ್ಟು ಕೆಲವೇ ದಿನವಾಗಿರುತ್ತದೆ. ಲಸಿಕೆ ಕೊಡುವ ವಯಸ್ಸು ಬರುವತನಕ ಅವನ್ನು ಕಾಯುವುದು ಗೋಡೆ ಮಾತ್ರ.

ಎರಡನೆಯ ಕೆಲಸದ ವಿಷಯ ಇದಕ್ಕಿಂತ ಸೂಕ್ಷ್ಮವಾದದ್ದು, ಯಾಕೆಂದರೆ ಅದು ನಮ್ಮ ಮನೆಗಳ ಒಳಗಿನದು. ಬೆಕ್ಕು ಕೊಂದರೆ ಚಿನ್ನದ ಬೆಕ್ಕು ಮಾಡಿಸಿ ದಾನ ಕೊಟ್ಟರೂ ಪಾಪ ಹೋಗದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆ ನಂಬಿಕೆ ಎಷ್ಟೋ ಬೆಕ್ಕುಗಳ ಜೀವ ಉಳಿಸಿದೆ. ಕೊಲ್ಲುವಂತಿಲ್ಲ, ಸಾಕಲೂ ಆಗುವುದಿಲ್ಲ ಎಂದಾಗ ಜನ ಮರಿಗಳನ್ನು ಗೋಣಿಚೀಲಕ್ಕೆ ಹಾಕಿ ಹೊಳೆ ದಾಟಿಸಿ ಬಿಟ್ಟುಬರುತ್ತಾರೆ. ಹೊಳೆ ದಾಟಿದರೆ ಬೆಕ್ಕು ಮರಳಿ ಬರುವುದಿಲ್ಲವಂತೆ. ಈಗ ಹೊಳೆಯ ಬದಲು ಮೀನು ಮಾರುಕಟ್ಟೆ, ದೇವಸ್ಥಾನದ ಹಿಂಬದಿ, ಹೆದ್ದಾರಿ ಪಕ್ಕದ ಡಾಬಾ. ತಾಯಿಯಿಲ್ಲದ ಮರಿ ಅಲ್ಲಿ ಎರಡು ದಿನವೂ ಬದುಕುವುದು ಕಷ್ಟ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಹಸಿವು-ನೀರಡಿಕೆಗೆ ಸಿಕ್ಕು ನರಳುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು ಅಪರಾಧ. ಬಿಟ್ಟವರ ಮೇಲೆ ಕೇಸು ಹಾಕಿಸುವುದು ನಮ್ಮ ದಾರಿಯಲ್ಲ. ತೋಟದ ಮನೆಯ ಅಜ್ಜಿಗೆ ಇಲಿ ಹಿಡಿಯಲು ಒಂದು ಬೆಕ್ಕು ಬೇಕು, ವರ್ಷಕ್ಕೆ ಹನ್ನೆರಡು ಮರಿ ಬೇಡ. ಆಕೆಗೆ ಬೇರೆ ದಾರಿ ಇದೆಯೆಂದು ಯಾರೂ ತೋರಿಸಿರುವುದಿಲ್ಲ.

ಹನ್ನೆರಡು ಎಂದದ್ದು ಉತ್ಪ್ರೇಕ್ಷೆಯಲ್ಲ. ಹೆಣ್ಣು ಬೆಕ್ಕು ನಾಲ್ಕರಿಂದ ಆರು ತಿಂಗಳಿಗೇ ಬೆದೆಗೆ ಬರುತ್ತದೆ. ಗರ್ಭ ಒಂಬತ್ತು ವಾರ. ಒಂದು ಸಲಕ್ಕೆ ಮೂರು-ನಾಲ್ಕು ಮರಿ ಸಾಮಾನ್ಯ, ಹಾಲೂಡಿಸುತ್ತಿರುವಾಗಲೇ ಮತ್ತೆ ಗಬ್ಬವಾಗಬಲ್ಲದು. "ಒಂದು ಸಲವಾದರೂ ಮರಿ ಹಾಕಲಿ, ಆಮೇಲೆ ನೋಡೋಣ" ಎನ್ನುವವರು ಬಹಳ. ಹಾಗೆ ಕಾಯುವುದರಿಂದ ಬೆಕ್ಕಿನ ಆರೋಗ್ಯಕ್ಕೆ ಏನೂ ಲಾಭವಿಲ್ಲ. ಮೊದಲ ಬೆದೆಗೆ ಮುಂಚೆಯೇ ಆಪರೇಷನ್ ಆದರೆ ಮುಂದೆ ಮೊಲೆಯ ಕ್ಯಾನ್ಸರ್ ಬರುವ ಸಾಧ್ಯತೆ ಬಹಳ ಇಳಿಯುತ್ತದೆ. ಆಪರೇಷನ್ ಆದ ಬೆಕ್ಕು ಇಲಿ ಹಿಡಿಯುವುದನ್ನು ಬಿಡುತ್ತದೆ ಎಂಬುದೂ ಸುಳ್ಳು. ಬೇಟೆಯ ಬುದ್ಧಿ ಗರ್ಭಕೋಶದಲ್ಲಿಲ್ಲ. ಗಂಡುಬೆಕ್ಕಿಗೆ ಮಾಡಿಸಿದರೆ ಊರೆಲ್ಲ ಅಲೆದು ಕಚ್ಚಾಡಿ ಕಿವಿ ಹರಿದುಕೊಂಡು ಬರುವುದೂ, ಗೋಡೆಗೆಲ್ಲ ಚಿಮ್ಮಿಸುವ ಆ ನಾತವೂ ಬಹುಪಾಲು ಕಡಿಮೆಯಾಗುತ್ತದೆ.

ನಮ್ಮ ಕೆಲಸದ ಕ್ರಮ ಹೀಗೆ. ಬೋನಿಟ್ಟು ಬೀದಿಬೆಕ್ಕನ್ನು ಹಿಡಿಯುತ್ತೇವೆ, ಪಶುವೈದ್ಯರು ಶಸ್ತ್ರಚಿಕಿತ್ಸೆ ಮಾಡುತ್ತಾರೆ, ರೇಬೀಸ್ ಲಸಿಕೆ ಕೊಡುತ್ತಾರೆ, ಅರಿವಳಿಕೆಯಲ್ಲಿರುವಾಗಲೇ ಒಂದು ಕಿವಿಯ ತುದಿಯನ್ನು ಚೂರು ಕತ್ತರಿಸುತ್ತಾರೆ. ಹಾಗೆ ತುದಿ ಮೊಂಡಾದ ಕಿವಿಯ ಬೆಕ್ಕು ಕಂಡರೆ ಅದಕ್ಕೆ ಆಪರೇಷನ್ ಆಗಿದೆ ಎಂದು ತಿಳಿಯಿರಿ. ಮತ್ತೆ ಹಿಡಿಯುವ ಅಗತ್ಯವಿಲ್ಲ. ಚೇತರಿಸಿಕೊಂಡ ಮೇಲೆ ಹಿಡಿದ ಜಾಗಕ್ಕೇ ಬಿಡುತ್ತೇವೆ. ಕಷ್ಟದ ಪ್ರಕರಣಗಳನ್ನು ವಿನೋಬನಗರದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಒಯ್ಯುತ್ತೇವೆ. ತೀರ್ಥಹಳ್ಳಿಯಿಂದಲೇ ಅಲ್ಲಿಗೆ ಸುಮಾರು 60 ಕಿಲೋಮೀಟರ್. ಹೊಸನಗರ, ಆಗುಂಬೆ ಕಡೆಯ ಮನೆಯವರು ಒಂದು ಬೆಕ್ಕಿಗಾಗಿ ಬಸ್ಸು ಹತ್ತಿ ಬರಲಿ ಎಂದು ಬಯಸುವುದು ನ್ಯಾಯವಲ್ಲ. ನಿಮ್ಮ ದೇಣಿಗೆಯ ಒಂದು ಪಾಲು ಆ ತಾಲ್ಲೂಕುಗಳಿಗೇ ಹೋಗಿ ಶಿಬಿರ ನಡೆಸಲು ವೆಚ್ಚವಾಗುತ್ತದೆ.

ಮಲೆನಾಡಿನ ಬೆಕ್ಕಿಗೆ ಬೇರೆಲ್ಲೂ ಕಾಣದ ಕೆಲವು ಆಪತ್ತುಗಳಿವೆ. ಮಳೆಗಾಲದಲ್ಲಿ ಬೆಚ್ಚಗಿರುತ್ತದೆಂದು ಅದು ಬಚ್ಚಲೊಲೆಯ ಬೂದಿಯೊಳಗೆ ಮಲಗುತ್ತದೆ. ಬೆಳಗಿನ ಜಾವ ಕತ್ತಲಲ್ಲಿ ಒಲೆ ಹೊತ್ತಿಸಿದವರಿಗೆ ಅದು ಕಾಣುವುದಿಲ್ಲ. ಸುಟ್ಟ ಗಾಯದ ಬೆಕ್ಕುಗಳನ್ನು ನೋಡುವುದು ಬಹಳ ಸಂಕಟ. ದಯವಿಟ್ಟು ಬೆಂಕಿ ಹಾಕುವ ಮುಂಚೆ ಕೋಲಿನಿಂದ ಒಲೆಯ ಒಳಗೊಮ್ಮೆ ತಡವಿ ನೋಡಿ. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆದ ದಿನ ಬೆಕ್ಕಿನ ಮೈಮೇಲೆ ಬೋರ್ಡೋ ದ್ರಾವಣ ಬಿದ್ದಿದ್ದರೆ ಅದು ನೆಕ್ಕಿಕೊಳ್ಳುವ ಮುಂಚೆ ಉಗುರುಬೆಚ್ಚನೆಯ ನೀರಿನಲ್ಲಿ ತೊಳೆದು ಒರೆಸಿ; ಅದರಲ್ಲಿರುವ ಮೈಲುತುತ್ತು ಹೊಟ್ಟೆಗೆ ಹೋಗಬಾರದು. ಇಲಿಪಾಷಾಣ ತಿಂದ ಇಲಿಯನ್ನು ತಿಂದ ಬೆಕ್ಕಿಗೂ ಅದೇ ವಿಷ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಜಾತಿಯ ಪಾಷಾಣವಾದರೆ ವಿಟಮಿನ್ ಕೆ1 ಕೊಟ್ಟು ಉಳಿಸಬಹುದು, ಹಾಗಾಗಿ ಪಾಷಾಣದ ಪ್ಯಾಕೆಟ್ಟನ್ನು ವೈದ್ಯರ ಬಳಿ ತನ್ನಿ. ಬೆಕ್ಕಿಗೆ ಜ್ವರವೆಂದು ಮನೆಯಲ್ಲಿದ್ದ ಪ್ಯಾರಾಸಿಟಮಾಲ್ ಕೊಡಬೇಡಿ. ಒಂದೇ ಮಾತ್ರೆ ಅದರ ಪ್ರಾಣ ತೆಗೆಯಬಲ್ಲದು. ನಾಯಿಯ ಉಣ್ಣಿಗೆ ಹಾಕುವ ಪರ್ಮೆಥ್ರಿನ್ ಔಷಧಿಯೂ ಬೆಕ್ಕಿಗೆ ನಿಷಿದ್ಧ.

ಊಟದ ಮಾತು ಬಂದರೆ ಸಸ್ಯಾಹಾರಿ ಮನೆಗಳ ಹಿರಿಯರು ಬೇಸರಪಡಬಾರದೆಂದು ಕೇಳಿಕೊಳ್ಳುತ್ತೇವೆ. ಹಾಲು-ಅನ್ನ ಪ್ರೀತಿಯ ಊಟ, ಆದರೆ ಬೆಕ್ಕಿಗೆ ಅದು ಸಾಲದು. ಟಾರಿನ್ ಎಂಬ ಅಂಶ ಮಾಂಸ-ಮೀನುಗಳಲ್ಲಿ ಮಾತ್ರ ಸಾಕಷ್ಟಿರುತ್ತದೆ, ಬೆಕ್ಕಿನ ದೇಹ ಅದನ್ನು ಬೇಕಾದಷ್ಟು ತಯಾರಿಸಿಕೊಳ್ಳಲಾರದು. ಅದು ಕಡಿಮೆಯಾದರೆ ಕಣ್ಣು ಹೋಗುತ್ತದೆ, ಹೃದಯ ಹಿಗ್ಗುತ್ತದೆ. ಹೃದಯದ ಸಂಬಂಧವನ್ನು 1987ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿಕೊಟ್ಟ ಮೇಲೆ ಕಂಪನಿಗಳು ಬೆಕ್ಕಿನ ಆಹಾರದಲ್ಲಿ ಟಾರಿನ್ ಪ್ರಮಾಣ ಹೆಚ್ಚಿಸಿದವು. ತೋಟದ ಬೆಕ್ಕು ಇಲಿ, ಓತಿಕ್ಯಾತ ಹಿಡಿದು ಸರಿದೂಗಿಸಿಕೊಳ್ಳುತ್ತದೆ. ಪೇಟೆಯ ಮನೆಯೊಳಗೇ ಇರುವ ಬೆಕ್ಕಿಗೆ ಆ ದಾರಿಯಿಲ್ಲ. ಮಾಂಸ ತರಲಾಗದವರು ಅಂಗಡಿಯಲ್ಲಿ ಸಿಗುವ ಬೆಕ್ಕಿನ ಒಣ ಆಹಾರವನ್ನಾದರೂ ಕೊಡಿ. ಎಳೆಯ ಮರಿಗಂತೂ ಹಸುವಿನ ಹಾಲು ಬೇಡವೇ ಬೇಡ, ಭೇದಿ ಹತ್ತಿ ಸೊರಗುತ್ತದೆ. ಅದಕ್ಕೆಂದೇ ಮಾಡಿದ ಹಾಲಿನ ಪುಡಿಯನ್ನು ಎರಡು-ಮೂರು ಗಂಟೆಗೊಮ್ಮೆ ಬಾಟಲಿಯಲ್ಲಿ ಕುಡಿಸಬೇಕು, ಒದ್ದೆ ಹತ್ತಿಯಿಂದ ಹಿಂಬದಿ ಒರೆಸಿ ಮೂತ್ರ ಮಾಡಿಸಬೇಕು. ಮೈ ತಣ್ಣಗಾದ ಮರಿಗೆ ಮೊದಲು ಶಾಖ, ಆಮೇಲೆ ಹಾಲು.

ತೋಟದಲ್ಲಿ ಮರಿ ಕಂಡೊಡನೆ ಎತ್ತಿಕೊಂಡು ಬರಬೇಡಿ ಎಂಬ ಮಾತನ್ನೂ ಇಲ್ಲೇ ಹೇಳಿಬಿಡುತ್ತೇವೆ. ತಾಯಿ ಬೇಟೆಗೆ ಹೋಗಿರಬಹುದು, ಒಂದೊಂದಾಗಿ ಬೇರೆಡೆಗೆ ಸಾಗಿಸುತ್ತಿರಲೂಬಹುದು. ದೂರ ನಿಂತು ಕೆಲವು ಗಂಟೆ ಗಮನಿಸಿ. ಮರಿಯ ಮೈಮೇಲೆ ಚುಕ್ಕೆಗಳಿದ್ದರೆ ಇನ್ನಷ್ಟು ಎಚ್ಚರ ಬೇಕು. ಶೆಟ್ಟಿಹಳ್ಳಿ ಅಭಯಾರಣ್ಯ ನಗರದ ಮಗ್ಗುಲಲ್ಲೇ ಇದೆ. ಅದು ಚಿರತೆ ಬೆಕ್ಕು ಎಂಬ ಕಾಡುಬೆಕ್ಕಿನ ಮರಿಯಾಗಿರಬಹುದು, ಚಿರತೆಯದೇ ಆಗಿರಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅವನ್ನು ಸಾಕುವಂತಿಲ್ಲ, ಅರಣ್ಯ ಇಲಾಖೆಗೆ ತಿಳಿಸಿ. ನಾಡಬೆಕ್ಕಿನ ಪ್ಯಾನ್‌ಲ್ಯುಕೋಪೀನಿಯಾ ಕಾಡಿನ ಬೆಕ್ಕುಗಳಿಗೂ ಹರಡುತ್ತದೆ. ಕಾಡಂಚಿನ ಹಳ್ಳಿಯಲ್ಲಿ ನಾವು ಹಾಕುವ ಒಂದು ಲಸಿಕೆ ಕಾಡಿನೊಳಗೂ ಕಾವಲು ಕಾಯುತ್ತದೆ ಎಂಬ ನಂಬಿಕೆಯಿಂದ ಆ ಹಳ್ಳಿಗಳನ್ನೇ ಶಿಬಿರದ ಪಟ್ಟಿಯಲ್ಲಿ ಮೊದಲಿಗಿಟ್ಟಿದ್ದೇವೆ.

₹500 ಕೊಟ್ಟರೂ ನಮಗೆ ದೊಡ್ಡದೇ. ಒಂದು ಮರಿಯ ಹಾಲಿನ ಪುಡಿಗೆ ಕೈಹಿಡಿದಂತಾಗುತ್ತದೆ. ಮಕ್ಕಳ ಹುಟ್ಟುಹಬ್ಬಕ್ಕೋ ಹಿರಿಯರ ನೆನಪಿಗೋ ಒಂದು ಬೆಕ್ಕಿನ ಆಪರೇಷನ್ ವೆಚ್ಚ ವಹಿಸಿಕೊಳ್ಳಬಹುದು. ಕೋಣೆಗೆ ಕೊಡುವವರು ಟೈಲ್ಸ್, ಗೂಡು, ಇನ್ವರ್ಟರ್ ಹೀಗೆ ಇಂಥದ್ದಕ್ಕೇ ಎಂದು ಸೂಚಿಸಬಹುದು. ದಾನಿಗಳ ಹೆಸರನ್ನು ಅವರು ಒಪ್ಪಿದರೆ ಮಾತ್ರ ಬರೆಸುತ್ತೇವೆ. ಪ್ರತಿ ದೇಣಿಗೆಗೂ ಆದಾಯ ತೆರಿಗೆ ವಿನಾಯಿತಿಗೆ ಬೇಕಾದ 80ಜಿ ರಸೀದಿ ಕೊಡುತ್ತೇವೆ. ₹2,000ಕ್ಕಿಂತ ಹೆಚ್ಚಿನ ನಗದಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲವಾದ್ದರಿಂದ ಚೆಕ್ ಅಥವಾ ಬ್ಯಾಂಕ್ ಮೂಲಕ ಕಳಿಸಿ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಈ ವಿನಾಯಿತಿ ಇಲ್ಲ ಎಂಬುದನ್ನೂ ಮೊದಲೇ ತಿಳಿಸಬೇಕಾದದ್ದು ನಮ್ಮ ಕರ್ತವ್ಯ. ವರ್ಷದ ಲೆಕ್ಕಪತ್ರ ನಮ್ಮ ಟ್ರಸ್ಟಿನ ಕಚೇರಿಯಲ್ಲಿದೆ, ಯಾರು ಬೇಕಾದರೂ ಬಂದು ನೋಡಬಹುದು.

ಹಣ ಕೊಡಲಾಗದವರು ಹಳೆಯ ಕಂಬಳಿ, ಹತ್ತಿ ಸೀರೆ, ದಿನಪತ್ರಿಕೆ, ರಟ್ಟಿನ ಪೆಟ್ಟಿಗೆ ತಂದುಕೊಡಿ, ಮಳೆಗಾಲದಲ್ಲಿ ಎಷ್ಟಿದ್ದರೂ ಸಾಲುವುದಿಲ್ಲ. ಮನೆಯಲ್ಲಿ ಒಂದು ಮೂಲೆ ಇರುವವರು ಲಸಿಕೆ ಮುಗಿಯುವವರೆಗೆ ಎರಡು ಮರಿಗಳನ್ನು ಸಾಕಿಕೊಡಬಹುದು. ಆಹಾರ, ಔಷಧಿ ನಮ್ಮದು. ಬೆಕ್ಕು ಪರಚಿದರೆ ಅಥವಾ ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಬೇಕೆಂಬುದನ್ನು ಸಾಕಲು ಒಪ್ಪುವ ಪ್ರತಿ ಮನೆಯವರಿಗೂ ಮೊದಲೇ ಹೇಳಿಕೊಡುತ್ತೇವೆ.

ಜೂನ್‌ನಲ್ಲಿ ಮಳೆ ಹಿಡಿದರೆ ಇಲ್ಲಿ ಗಾರೆ ಕೆಲಸ ನಡೆಯುವುದಿಲ್ಲ. ಪಾಯ, ಗೋಡೆ, ಮಾಡು ಮೇ ತಿಂಗಳೊಳಗೆ ಮುಗಿಯಬೇಕು. ಆದ್ದರಿಂದ ಕೋಣೆಗೆ ನೆರವಾಗುವವರು ಏಪ್ರಿಲ್ ಕೊನೆಯೊಳಗೆ ತಿಳಿಸಿದರೆ ಮೇಸ್ತ್ರಿಗೆ ಮುಂಗಡ ಕೊಟ್ಟು ಕೆಲಸ ಶುರು ಮಾಡಿಸುತ್ತೇವೆ. ಆಪರೇಷನ್ ನಿಧಿಗೆ ವರ್ಷವಿಡೀ ಕೊಡಬಹುದು.

ಇತಿ ನಿಮ್ಮ ವಿಶ್ವಾಸಿಗಳು,
ಟ್ರಸ್ಟಿನ ಪದಾಧಿಕಾರಿಗಳು ಮತ್ತು ಸ್ವಯಂಸೇವಕರು
ಶಿವಮೊಗ್ಗ