ಮುತ್ಯಾನ ಗುಡ್ಡಕ್ಕೆ ನಮ್ಮ ಮಕ್ಕಳೂ ಹೋಗಲಿ: ದೇಣಿಗೆಗೆ ಮನವಿ

ಆತ್ಮೀಯರೇ,

ಗುಳೇದಗುಡ್ಡದ ನಮ್ಮ ಶಾಲೆಯ ಟ್ರಸ್ಟ್ ಪರವಾಗಿ ಈ ಮನವಿ. ಮೊದಲೇ ಹೇಳಿಬಿಡುತ್ತೇನೆ, ಇದು ಕಟ್ಟಡದ ಹಣ ಅಲ್ಲ. ಮಕ್ಕಳನ್ನು ಗುಡ್ಡಕ್ಕೆ ಕರೆದುಕೊಂಡು ಹೋಗಬೇಕು, ಅದಕ್ಕೆ ದುಡ್ಡು ಬೇಕು.

ನಮ್ಮ ಮುತ್ಯಾ, ಅಂದರೆ ಅಜ್ಜ, ಕುಪ್ಪಸದ ಬಟ್ಟೆಯಾದ ಖಣ ನೇಯುತ್ತಿದ್ದರು. ಕುಣಿಮಗ್ಗದ ಕೆಲಸ ನೋಡಿದವರಿಗೆ ಗೊತ್ತು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂರಬೇಕು. ಕೆಳಗೆ ಕಾಲು ಹಲಗೆ ತುಳಿಯುತ್ತಿರಬೇಕು, ಮೇಲೆ ಕೈ ಲಾಳಿ ಓಡಿಸುತ್ತಿರಬೇಕು, ಕಣ್ಣು ಎಳೆ ಬಿಟ್ಟು ಅಲುಗಬಾರದು. ಬಟ್ಟೆಯಲ್ಲಿ ತೇರು, ಸೂಜಿಮಲ್ಲಿಗೆಯ ಚಿತ್ತಾರ ಎಬ್ಬಿಸುವಾಗ ಒಂದು ಎಳೆ ತಪ್ಪಿದರೂ ಬಿಚ್ಚಿ ಮತ್ತೆ ನೇಯಬೇಕು. ನೂಲು ಸಾವ್ಕಾರರದು, ಮಜೂರಿ ನೇಯ್ದ ಖಣದ ಲೆಕ್ಕಕ್ಕೆ. ಕೂತಷ್ಟು ಹೊತ್ತು ದುಡ್ಡು, ಎದ್ದರೆ ಇಲ್ಲ. ಪಕ್ಕದಲ್ಲೇ ಅಜ್ಜಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದರು. ಅವರ ದುಡಿಮೆಗೆ ಬೇರೆ ಮಜೂರಿ ಅಂತ ಯಾರೂ ಕೊಡಲಿಲ್ಲ, ಆ ಮಾತು ಇನ್ನೊಮ್ಮೆ ಆಡೋಣ.

ಅಮವಾಸ್ಯೆಗೆ ನಮ್ಮ ಮನೆಯ ಮಗ್ಗಕ್ಕೆ ಬಿಡುವು. ಅವತ್ತಾದರೂ ಮಲಗಬಹುದಿತ್ತು ಅಲ್ವಾ? ಮುತ್ಯಾ ನಸುಕಿಗೇ ಎದ್ದು ಸಜ್ಜಿ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿಸುತ್ತಿದ್ದರು. "ಕುಂತು ಕುಂತು ಕಾಲು ಜೋಮು ಹಿಡದಾವ, ನಡೀರಿ" ಅಂತ ಓಣಿಯ ಹುಡುಗರನ್ನೆಲ್ಲ ಎಬ್ಬಿಸಿ ಬಾದಾಮಿ ಬಸ್ಸು ಹತ್ತಿಸುತ್ತಿದ್ದರು. ಯಾರ ಮನೆಯ ಹುಡುಗ ಅಂತ ಕೇಳುತ್ತಿರಲಿಲ್ಲ.

ಬಾದಾಮಿ ಅಂದರೆ ಹೊರಗಿನವರಿಗೆ ನಾಲ್ಕು ಗುಹೆ, ಒಂದು ಕೆರೆ, ಎರಡು ಫೋಟೊ. ಮುತ್ಯಾನಿಗೆ ಗುಹೆ ನೋಡುವುದು ಹತ್ತು ನಿಮಿಷದ ಕೆಲಸ. ಅವರ ದಾರಿ ಗುಡ್ಡದ ಮೇಲಿನದು. ಸಿಡಿಲಫಡಿಯ ಬಂಡೆಯ ಕೆಳಗೆ ಕೂರಿಸಿ, ಆದಿಮಾನವರು ಕೆಂಪು ಬಣ್ಣದಲ್ಲಿ ಬರೆದ ಚಿತ್ರ ಹುಡುಕಲು ಹಚ್ಚುತ್ತಿದ್ದರು. ಮೊದಲು ಕಂಡವನಿಗೆ ಒಂದು ರೊಟ್ಟಿ ಜಾಸ್ತಿ. ಇನ್ನೊಂದು ಕಡೆ ಮರಳುಗಲ್ಲಿನ ಹಾಸಿನ ಮೇಲೆ ಅಲೆ ಅಲೆಯಾದ ಗೆರೆಗಳಿದ್ದವು. ಕೈಯಾಡಿಸಿ ನೋಡಿ ಅನ್ನುತ್ತಿದ್ದರು. "ಒಂದು ಕಾಲಕ್ಕ ಇಲ್ಲಿ ನೀರಿತ್ತು" ಅನ್ನುವುದು ಅವರ ವಾದ. ಮುಂದೆ ನಾನು ಓದಿದ ಭೂಗೋಳವೂ ಅದನ್ನೇ ಹೇಳಿತು: ನೀರು ತಂದು ಹಾಸಿದ ಮರಳು ಗಟ್ಟಿಯಾಗಿ ಆದ ಕಲ್ಲು ಇದು, ಆ ಗೆರೆಗಳು ಅಲೆಯ ಗುರುತು. ಶಾಲೆ ಹೆಚ್ಚು ಕಲಿಯದ ಮನುಷ್ಯ ಬರೀ ಅಂಗೈಯಿಂದ ಅದನ್ನು ಓದಿದ್ದರು. ಎಳೆ ಮುಟ್ಟಿ ಮುಟ್ಟಿ ಬಂದ ಅಂಗೈ ಅದು.

ಬಿಸಿಲು ಕಡಿಮೆ ಇದ್ದರೆ ನಾಗನಾಥನ ಗುಡಿಯ ಮೇಲೆ ಹಾಯ್ದು ಮಹಾಕೂಟಕ್ಕೆ ನಡೆಸುತ್ತಿದ್ದರು. ಅಲ್ಲಿಯ ಬುಗ್ಗೆ ನೀರಿನ ಹೊಂಡದಲ್ಲಿ ಎಲ್ಲರಿಗೂ ಈಜು. ಮಹಾಕೂಟದಲ್ಲಿದ್ದ ಚಾಲುಕ್ಯ ಮಂಗಲೇಶನ ಶಾಸನದ ಕಂಬ ಈಗ ವಿಜಯಪುರದ ಮ್ಯೂಸಿಯಂನಲ್ಲಿದೆ. ಮುತ್ಯಾನಿಗೆ ಅದರ ಮೇಲೆ ಸಣ್ಣ ಸಿಟ್ಟು. "ಕಂಬ ಒಯ್ದ್ರು, ಹೊಂಡ ಒಯ್ಯಾಕ ಆಗಲಿಲ್ಲ ನೋಡು" ಅಂತ ನಕ್ಕು ನೀರಿಗೆ ಧುಮುಕುತ್ತಿದ್ದರು.

ಮುತ್ಯಾ ಹೋದ ಮೇಲೆ ಅವರ ಹೆಸರಲ್ಲಿ ಏನಾದರೂ ಮಾಡೋಣ ಅಂತ ಮನೆಯಲ್ಲಿ ಮಾತಾಯಿತು. ಸಭಾಭವನ ಅಂದರು ಕೆಲವರು. ವಾರಗಟ್ಟಲೆ ಕುಣಿಯಲ್ಲಿ ಕೂತ ಮನುಷ್ಯನ ಹೆಸರಲ್ಲಿ ಮತ್ತೆ ನಾಲ್ಕು ಗೋಡೆ ಕಟ್ಟುವುದು ನನಗಂತೂ ಸರಿ ಕಾಣಲಿಲ್ಲ. ನಮ್ಮ ಶಾಲೆಯಲ್ಲಿ ನೇಕಾರರ ಮಕ್ಕಳೇ ಜಾಸ್ತಿ. ಮನೆಯಲ್ಲಿ ಕೈಮಗ್ಗ ಹೋಗಿ ಪವರ್‌ಲೂಮ್ ಬಂದಿರಬಹುದು, ಆದರೆ ದಿನದ ಮಜೂರಿ ಬಿಟ್ಟು ಮಕ್ಕಳನ್ನು ಸುತ್ತಾಡಿಸಲು ತಂದೆತಾಯಿಗೆ ಈಗಲೂ ಆಗುವುದಿಲ್ಲ. ಇಷ್ಟು ಹತ್ತಿರದ ಬಾದಾಮಿಯನ್ನು ಪಠ್ಯಪುಸ್ತಕದ ಚಿತ್ರದಲ್ಲಷ್ಟೇ ನೋಡಿದ ಮಕ್ಕಳು ನಮ್ಮಲ್ಲಿದ್ದಾರೆ.

ಹಾಗಾಗಿ ವರ್ಷಕ್ಕೆ ನಾಲ್ಕು ಸಲ, ಒಂದೊಂದು ಸಲಕ್ಕೆ 50 ಮಕ್ಕಳಂತೆ, ಗುಡ್ಡದ ನಡಿಗೆ ಮಾಡಿಸುವ ಯೋಚನೆ. ಮಳೆಗಾಲದಲ್ಲಿ ಒಂದು, ಅಕ್ಕ-ತಂಗಿ ಜಲಪಾತ ಧುಮುಕುವಾಗ. ಉಳಿದ ಮೂರು ಚಳಿಗಾಲದಲ್ಲಿ. ಬೇಸಿಗೆಯಲ್ಲಿ ಆ ಕಲ್ಲಿನ ಮೇಲೆ ಕಾಲಿಡಲು ಆಗುವುದಿಲ್ಲ, ಅದು ಬೇಡ. 15 ವರ್ಷದೊಳಗಿನವರಿಗೆ ಗುಹೆಗಳಿಗೆ ಟಿಕೆಟ್ ಇಲ್ಲ, ಆ ಖರ್ಚು ಉಳಿಯಿತು. ಬಸ್ ಬಾಡಿಗೆ, ಊಟ, ದಾರಿ ಬಲ್ಲ ಸ್ಥಳೀಯರೊಬ್ಬರ ಸಂಬಳ, ಔಷಧಿ ಪೆಟ್ಟಿಗೆ ಎಲ್ಲ ಸೇರಿ ಒಂದು ನಡಿಗೆಗೆ ಸುಮಾರು 15,000 ರೂಪಾಯಿ ಬೇಕು, ಅಂದರೆ ಒಂದು ಮಗುವಿಗೆ 300. ಚಪ್ಪಲಿಯಲ್ಲಿ ಬಂಡೆ ಹತ್ತಿದರೆ ಜಾರುತ್ತದೆ. ಬೂಟು ಇಲ್ಲದ ಮಕ್ಕಳಿಗೆ ಬೂಟಿನ ವ್ಯವಸ್ಥೆಯೂ ಆಗಬೇಕು. ಬಾದಾಮಿಯ ಮಂಗ್ಯಾಗಳು (ಕೋತಿಗಳು) ಬುತ್ತಿ ಕಸಿಯುವ ವಿಷಯ ನಿಮಗೆ ಗೊತ್ತೇ ಇದೆ, ಗಟ್ಟಿ ಮುಚ್ಚಳದ ಡಬ್ಬಿಗಳೂ ಪಟ್ಟಿಯಲ್ಲಿವೆ.

300 ಕೊಟ್ಟರೂ ಸಂತೋಷ, ಒಂದು ಇಡೀ ನಡಿಗೆಯ ಖರ್ಚು ವಹಿಸಿಕೊಂಡರೂ ಸಂತೋಷ. ಮೊದಲ ನಡಿಗೆಯ ಖರ್ಚು ನಮ್ಮ ಮನೆಯವರದು. ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೊಡಿಸುವ 80ಜಿ ಮಾನ್ಯತೆ ನಮ್ಮ ಟ್ರಸ್ಟಿಗೆ ಇನ್ನೂ ಸಿಕ್ಕಿಲ್ಲ, ಇದು ತಿಳಿದಿರಲಿ. ಶಾಲೆಯ ಕಚೇರಿಯಲ್ಲೇ ಹಣ ಕೊಡಿ, ರಸೀದಿ ಕೇಳಿ ಪಡೆಯಿರಿ. ಪ್ರತಿ ನಡಿಗೆಯ ಲೆಕ್ಕವನ್ನು ಶಾಲೆಯ ಬೋರ್ಡಿಗೆ ಹಚ್ಚುತ್ತೇವೆ.

ದುಡ್ಡಿನ ಬದಲು ಮಕ್ಕಳ ಬೂಟು, ಟೋಪಿ, ನೀರಿನ ಬಾಟಲಿ ಕೊಟ್ಟರೂ ನಡೆಯುತ್ತದೆ. ಶೇಂಗಾ ಚಟ್ನಿ ಮಾತ್ರ ಬೇಡ, ಅದನ್ನು ಓಣಿಯ ತಾಯಂದಿರು ಆಗಲೇ ವಹಿಸಿಕೊಂಡಿದ್ದಾರೆ.