ಬಾಕ್ಸ್ ಭಾರ ಇದೆ ಅಂದವರಿಗೆ

ಸತುವಿನ ಅದಿರು ಹುಡುಕಿ ನಾವು ಕೊರೆದ ಕೊನೆಯ ಬೋರ್‌ನ ಲ್ಯಾಬ್ ವರದಿ ಕಳೆದ ವಾರ ಬಂತು. ಸತು ಇದೆ. ಗಣಿ ಆಗುತ್ತದಾ ಅಂತ ಈಗಲೇ ಕೇಳಬೇಡಿ, ಅದು ಬಹಳ ದೂರದ ಮಾತು. ಅಲಾಸ್ಕಾದಲ್ಲಿ ರೆಡ್ ಡಾಗ್ ಅನ್ನೋ ಸತು ಗಣಿ ಇರುವ ಜಾಗದಲ್ಲಿ ಬಾಬ್ ಬೇಕರ್ ಅನ್ನೋ ಪೈಲಟ್ ತುಕ್ಕು ಬಣ್ಣದ ಹಳ್ಳಗಳನ್ನು ಮೇಲಿಂದ ನೋಡಿದ್ದು 1960ರ ದಶಕದಲ್ಲಿ. ಅಲ್ಲಿ ಗಣಿ ಶುರುವಾದದ್ದು 1989ರಲ್ಲಿ. ನಮ್ಮದು ಇನ್ನೂ ಎರಡನೇ ಸೀಸನ್.

ಆದರೂ ಇವತ್ತು ಕೆಲವರಿಗೆ ಥ್ಯಾಂಕ್ಸ್ ಹೇಳಲೇಬೇಕು. ಅದಕ್ಕೂ ಮೊದಲು ಒಂದು ತಪ್ಪೊಪ್ಪಿಗೆ. ಮೊದಲ ಸೀಸನ್ ಮುಗಿದಾಗ "ಇಲ್ಲಿ ಗಮನಿಸುವಂಥದ್ದು ಏನೂ ಇಲ್ಲ" ಅಂತ ವರದಿ ಬರೆದವನು ನಾನೇ.

ರಸ್ತೆ ಇಲ್ಲದ ಆ ಜಾಗಕ್ಕೆ ನಾವು ಹೋದದ್ದು ಒಂದು ಗುಡ್ಡದ ನೆತ್ತಿಯ ತುಕ್ಕುಗಲ್ಲು ನೋಡಿ. ಗಂಧಕ ಸೇರಿದ ಸಲ್ಫೈಡ್ ಅದಿರು ಗಾಳಿ ಮಳೆಗೆ ಸಿಕ್ಕಿ ಕೊಳೆತರೆ ಮೇಲೆ ಇಂಥ ಕಬ್ಬಿಣದ ಟೋಪಿ ಉಳಿಯುತ್ತದೆ. ಗಾಸನ್ ಅಂತೀವಿ. ಅದರ ಮಣ್ಣಿನಲ್ಲಿ ಸತು ಕಡಿಮೆ ಬಂದಾಗ ಗಾಬರಿ ಆಗಲಿಲ್ಲ. ಸತು ನೀರಲ್ಲಿ ಕರಗಿ ಹಳ್ಳದ ಕಡೆ ಓಡಿಹೋಗುತ್ತದೆ, ಸೀಸ ಕೂತಲ್ಲೇ ಕೂತಿರುತ್ತದೆ. ಸೀಸ ಸಿಕ್ಕಿತ್ತು, ಹಳ್ಳದ ಕೆಸರಿನಲ್ಲಿ ಸತುವೂ ಸಿಕ್ಕಿತ್ತು. ಆಮೇಲೆ ನೆಲಕ್ಕೆ ಕರೆಂಟ್ ಕೊಟ್ಟು ನೋಡುವ ಐಪಿ ಸರ್ವೆ ಮಾಡಿದೆವು. ಸಿಗ್ನಲ್ ಜೋರಾಗಿ ಬಂದ ಕಡೆಯೆಲ್ಲ ಬೋರ್ ಹೊಡೆದೆವು. ಬಂದದ್ದು ಕರೆಂಟಿಗೆ ಜೋರಾಗಿ ಸ್ಪಂದಿಸುವ, ನಮಗೆ ಬೇಡದ ಪೈರೈಟ್ ಮತ್ತು ಗ್ರಾಫೈಟ್. ಸತುವಿನ ಮುಖ್ಯ ಅದಿರಾದ ಸ್ಫ್ಯಾಲರೈಟ್ ಕರೆಂಟಿಗೆ ಹೆಚ್ಚುಕಡಿಮೆ ಮಾತೇ ಆಡುವುದಿಲ್ಲ ಅಂತ ಪಾಠದಲ್ಲಿ ಓದಿದ್ದೆ. ಓದಿದ್ದು ನೆನಪಿಗೆ ಬರಲಿಲ್ಲ, ಅಷ್ಟೇ.

ಕ್ಯಾಂಪ್ ಬಿಚ್ಚುವ ಹಿಂದಿನ ದಿನ ಕೋರ್ ಬಾಕ್ಸ್‌ಗಳನ್ನು, ಅಂದರೆ ಬೋರ್‌ನಿಂದ ತೆಗೆದ ಕಲ್ಲಿನ ತುಂಡುಗಳ ಪೆಟ್ಟಿಗೆಗಳನ್ನು, ಜೋಡಿಸುತ್ತಿದ್ದ ನಮ್ಮ ಹೆಲ್ಪರ್ ಕೇಳಿದರು: "ಸರ್, ಈ ಮೂರು ಬಾಕ್ಸ್ ಮಾತ್ರ ಯಾಕೆ ಇಷ್ಟು ಭಾರ?"

"ಒದ್ದೆ ಇರಬೇಕು ಬಿಡಿ" ಅಂದೆ. ಅವರು ವಾದ ಮಾಡಲಿಲ್ಲ. ಮಾರನೇ ದಿನ ಬೆಳಿಗ್ಗೆ ನೋಡಿದರೆ ಆ ಮೂರನ್ನೂ ನನ್ನ ಮೇಜಿನ ಪಕ್ಕ ತಂದು ಇಟ್ಟಿದ್ದರು. ಚೆನ್ನಾಗಿ ಒಣಗಿದ್ದವು.

ಕಲ್ಲಿನಲ್ಲಿ ಯಾವ ಲೋಹ ಇದೆ ಅಂತ ಹೇಳುವ, ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಮಷಿನ್ ಕೆಟ್ಟು ರಿಪೇರಿಗೆ ಹೋಗಿತ್ತು. ಈಗ ಅನ್ನಿಸುತ್ತದೆ, ಒಳ್ಳೆಯದೇ ಆಯಿತು. ಹಳೇ ವಿಧಾನವೇ ಗತಿ. ಒಂದು ತುಂಡನ್ನು ಗಾಳಿಯಲ್ಲಿ ತೂಗಿದೆ, ನೀರಿನಲ್ಲಿ ಮುಳುಗಿಸಿ ತೂಗಿದೆ. ಸುಣ್ಣಕಲ್ಲಿನಂಥ ಬರೀ ಡಾಲೊಮೈಟ್ ಆಗಿದ್ದರೆ ಸಾಂದ್ರತೆ 2.85ರ ಹತ್ತಿರ ಬರಬೇಕು. ಬಂದದ್ದು 3.1. ಮತ್ತೆ ತೂಗಿದೆ. ಅಷ್ಟೇ ಬಂತು. ಚಾಕುವಿನಿಂದ ಕೆರೆದು, ಪುಡಿಯ ಮೇಲೆ ಒಂದು ಹನಿ ಆಸಿಡ್ ಬಿಟ್ಟು ಮೂಗು ಹತ್ತಿರ ತಂದೆ. ಕೊಳೆತ ಮೊಟ್ಟೆ! ಸ್ಫ್ಯಾಲರೈಟ್‌ಗೆ ಆಸಿಡ್ ತಾಗಿದರೆ ಬರುವ ವಾಸನೆ ಅದು. ಅಷ್ಟು ಸಂತೋಷ ಕೊಟ್ಟ ದುರ್ವಾಸನೆ ಇನ್ನೊಂದಿಲ್ಲ.

ಅದು ಜೇನಿನ ಬಣ್ಣದ ಸ್ಫ್ಯಾಲರೈಟ್. ಒಳಗೆ ಕಬ್ಬಿಣ ಜಾಸ್ತಿ ಇದ್ದರೆ ಕಪ್ಪಗಿರುತ್ತದೆ, ಕಡಿಮೆ ಇದ್ದರೆ ಹಳದಿ, ಜೇನು ಬಣ್ಣ. ನನ್ನ ಕಣ್ಣು ಕಪ್ಪನ್ನೇ ಹುಡುಕುತ್ತಿತ್ತು. ಇದನ್ನು ನೋಡಿ, ಕೋರ್ ವಿವರ ಬರೆಯುವ ಲಾಗ್‌ನಲ್ಲಿ "ಕಂದು ಡಾಲೊಮೈಟ್" ಅಂತ ಬರೆದು ಮುಂದೆ ಹೋಗಿದ್ದೆ. ಎರಡರ ಗಡಸುತನವೂ ಹೆಚ್ಚುಕಡಿಮೆ ಒಂದೇ. ಈ ಖನಿಜದ ಹೆಸರು ಬಂದಿರುವುದೇ ಮೋಸಗಾರ ಅನ್ನುವ ಅರ್ಥದ ಗ್ರೀಕ್ ಪದದಿಂದ. ಇದು ನನ್ನ ಸಮರ್ಥನೆ ಅಲ್ಲ, ಸುಮ್ನೆ ಹೇಳಿದೆ.

ಹಾಗಾಗಿ ಮೊದಲ ಥ್ಯಾಂಕ್ಸ್ ನಮ್ಮ ಹೆಲ್ಪರ್‌ಗೇ. ತಿಂಗಳುಗಟ್ಟಲೆ ಬಾಕ್ಸ್ ಎತ್ತಿದ ಕೈಗೆ ಗೊತ್ತಾದದ್ದು ಲೆನ್ಸ್ ಹಿಡಿದ ನನಗೆ ಗೊತ್ತಾಗಲಿಲ್ಲ. ಅದಕ್ಕಿಂತ ದೊಡ್ಡದು, ನಾನು ಬಿಡಿ ಅಂದ ಮೇಲೂ ಅವರು ಬಿಡಲಿಲ್ಲ.

ವರದಿ ವಾಪಸ್ ತಗೊಳ್ಳುತ್ತೇನೆ ಅಂತ ನಮ್ಮ ಮೇಡಂಗೆ ಫೋನ್ ಮಾಡಿದಾಗ ಬೈಗುಳ ಕಾದಿತ್ತು ಅಂದುಕೊಂಡಿದ್ದೆ. "ಸರಿ, ಭಾರ ತಾನೇ? ಹಾಗಾದರೆ ಗ್ರಾವಿಟಿ ಸರ್ವೆ ಮಾಡೋಣ" ಅಂದರು. ನೆಲದಡಿ ಭಾರದ ಕಲ್ಲಿದ್ದರೆ ಗುರುತ್ವ ಕೂದಲೆಳೆಯಷ್ಟು ಹೆಚ್ಚುತ್ತದೆ, ಅದನ್ನು ಅಳೆಯುವ ಸರ್ವೆ ಅದು. ಇನ್ನೊಂದು ಸೀಸನ್‌ಗೆ ಹಣ ಒಪ್ಪಿಸಿದ್ದೂ ಅವರೇ. ಮೇಡಂ, ಆ ಫೋನ್ ಇಟ್ಟ ಮೇಲೆ ಟೆಂಟ್ ಹಿಂದೆ ಹೋಗಿ ಸ್ವಲ್ಪ ಹೊತ್ತು ಕೂತಿದ್ದೆ.

ಗ್ರಾವಿಟಿ ತಂಡದ ಇಬ್ಬರು ಹುಡುಗರ ಬಗ್ಗೆ ಏನು ಹೇಳಲಿ? ಎತ್ತರದ ಅಳತೆ ಒಂದು ಮೀಟರ್ ತಪ್ಪಿದರೆ ಲೆಕ್ಕದಲ್ಲಿ ಸುಮಾರು 0.2 ಮಿಲಿಗ್ಯಾಲ್ (ಗುರುತ್ವ ಅಳೆಯುವ ಮಾನ) ಏರುಪೇರಾಗುತ್ತದೆ. ನಾವು ಹುಡುಕುತ್ತಿದ್ದ ಸಿಗ್ನಲ್ಲೇ ಅದರಲ್ಲಿ ಮುಚ್ಚಿಹೋಗಬಹುದು. ಅದಕ್ಕೇ ಅವರು ಪ್ರತಿ ಪಾಯಿಂಟ್‌ನಲ್ಲೂ ಎತ್ತರವನ್ನು ಎರಡೆರಡು ಸಲ ಅಳೆದರು. ಗಾಳಿ ಬೀಸಿದರೆ ಗ್ರಾವಿಟಿ ಅಳೆಯುವ ಮೀಟರ್ ನಡುಗುತ್ತದೆ ಅಂತ ನಸುಕಿನಲ್ಲೇ ಏಳುತ್ತಿದ್ದರು. ಅವರ ಮ್ಯಾಪ್‌ನಲ್ಲಿ ಕಂಡ ಸಣ್ಣ ಉಬ್ಬಿನ ಮೇಲೆಯೇ ಈ ಸಲದ ಬೋರ್ ಬಿದ್ದದ್ದು.

ಡ್ರಿಲ್ಲರ್ ಅಣ್ಣಂದಿರಿಗೆ ಸಾಷ್ಟಾಂಗ. ಅದಿರು ಇದ್ದದ್ದು ಒಡೆದು ಚೂರಾದ, ತೂತು ತೂತಾದ ಡಾಲೊಮೈಟ್‌ನಲ್ಲಿ. ಅವಸರ ಮಾಡಿದ್ದರೆ ಬೇಕಾದ ಕಲ್ಲೇ ಪುಡಿಯಾಗಿ ನೀರಿನ ಜೊತೆ ಹೋಗುತ್ತಿತ್ತು. ಅವರಿಗೆ ಸಂಬಳ ಮೀಟರ್ ಲೆಕ್ಕದಲ್ಲಿ. ಆದರೂ ಆ ಭಾಗ ಬಂದಾಗ ನಿಧಾನ ಮಾಡಿದರು, ಚಿಕ್ಕ ಚಿಕ್ಕ ತುಂಡಾಗಿ ಕೋರ್ ಎತ್ತಿಕೊಟ್ಟರು.

ಅಡುಗೆಯವರು, ಹೆಲಿಕಾಪ್ಟರ್ ಪೈಲಟ್, ಸ್ಯಾಂಪಲ್ ಚೀಲಗಳ ನಡುವೆ ಸತು ಇಲ್ಲದ ಕಲ್ಲನ್ನೂ ನಂಬರ್ ಹಾಕಿ ಸೇರಿಸಿ ಲ್ಯಾಬನ್ನೇ ಪರೀಕ್ಷೆ ಮಾಡುತ್ತಿದ್ದ ನಮ್ಮ ಟ್ರೈನಿ, ಫೋನ್ ಸಿಗ್ನಲ್ ಸಿಕ್ಕಾಗ ಮಾತ್ರ ಮಾತಿಗೆ ಬರುವ ಗಂಡನನ್ನು ಸಹಿಸಿಕೊಂಡವಳು, ಎಲ್ಲರಿಗೂ ಥ್ಯಾಂಕ್ಸ್.

ಆ ಮೂರು ಬಾಕ್ಸ್‌ನ ಕೋರನ್ನು ಸೀಳಿ ಅರ್ಧ ಲ್ಯಾಬ್‌ಗೆ ಕಳಿಸಿದೆವು. ಉಳಿದರ್ಧ ಶೆಡ್‌ನಲ್ಲಿದೆ. ಲಾಗ್‌ನಲ್ಲಿ "ಕಂದು ಡಾಲೊಮೈಟ್" ಅನ್ನೋ ಸಾಲನ್ನು ಅಳಿಸಿಲ್ಲ, ಒಂದು ಗೀಟು ಎಳೆದು ಪಕ್ಕದಲ್ಲಿ ಸರಿಪಡಿಸಿದ್ದೇನೆ. ಗುರುತಿಸಿದವರು ಅನ್ನೋ ಕಾಲಂನಲ್ಲಿ ಹೆಲ್ಪರ್ ಹೆಸರಿದೆ. ಅದನ್ನು ನೋಡಿ ಅವರು, "ಸರ್, ಇನಿಷಿಯಲ್ ಬಿಟ್ಟಿದ್ದೀರಿ" ಅಂದರು. ಅದನ್ನೂ ಸೇರಿಸಿದೆ.